ಹಿಂದಿನ ಕೋಣೆಯ ಬೆಚ್ಚನೆ ನೆಲ

ರೋಟೊರುವ
೧೪ ಆಗಸ್ಟ್ ೧೯೯೪

ಪ್ರೀತಿಯ ಎರೇನಾ ಅಕ್ಕ,

ನಿನ್ನಿಂದ ಬಹಳ ಕಾಲ ಮುಚ್ಚಿಟ್ಟ ವಿಷಯದಿಂದಲೇ ಶುರುಮಾಡುತ್ತೇನೆ. ನನಗೆ ನಮ್ಮ ಮನೆಯ ನೆಲ ಕಂಡರೆ ಭಯ. ಟೀಚರಿಗೆ ಎದುರುತ್ತರ ಕೊಟ್ಟು ಶಾಲೆ ಬಿಟ್ಟು ಬಂದವಳಿಗೆ ಎಂಥ ಭಯ ಎಂದು ನಗಬೇಡ. ಹಿಂದಿನ ಕೋಣೆಯ ನೆಲಕ್ಕೆ ಅಂಗೈ ಒತ್ತಿದರೆ, ಆಳದಲ್ಲಿ ಏನೋ ಕುದಿಯುವ ನಡುಕ ಬೆರಳಿಗೆ ತಗುಲುತ್ತದೆ. ಈ ಊರು ಹುಟ್ಟುವ ಮೊದಲಿನಿಂದಲೂ ಅದು ಹೀಗೆ ಕುದಿಯುತ್ತಿದೆ. ನಾವು ಅದರ ಮೇಲೆ ಬಟ್ಟೆ ಒಣಗಿಸಿಕೊಂಡು, ಜಗಳವಾಡಿಕೊಂಡು ಬದುಕಿದ್ದೇವೆ. ಅದು ನಮ್ಮನ್ನು ಸಹಿಸಿಕೊಂಡಿದೆ, ಅಷ್ಟೇ.

ನಿನ್ನ ಕಾಗದಗಳಿಗೆ ಉತ್ತರಿಸದೆ ಇದ್ದದ್ದಕ್ಕೆ ಬೈದುಕೋ, ಆಮೇಲೆ ಕ್ಷಮಿಸು. ಮಗು ತೆವಳುತ್ತಿದೆ ಎಂದು ನೀನು ಬರೆದದ್ದನ್ನು ಓದಿದಾಗಿನಿಂದ ಅಪ್ಪನದು ಒಂದೇ ಮಾತು: "ಮನೆ ಮಾರಿ ಬ್ರಿಸ್ಬೇನಿಗೆ ಹೋಗ್ತೀನಿ. ಮೊಮ್ಮಗಳ ಹಿಂದೆ ನಾನೂ ತೆವಳ್ತೀನಿ."

ನಿನ್ನೆ ಕೊಳ್ಳುವವರು ಬಂದಿದ್ದರು. ಅವರಿಗಿಂತ ಮೊದಲು ದಳ್ಳಾಳಿ ಡೆಸ್ಮಂಡ್ ಬಂದು ಅಪ್ಪನಿಗೆ ಪಾಠ ಹೇಳಿದ. "ಕೇಳಿದ್ದಕ್ಕಷ್ಟೇ ಉತ್ತರ ಕೊಡು ತಮಾತಿ. ಕೇಳದೇ ಇದ್ದದ್ದನ್ನ ಮೈಮೇಲೆ ಎಳ್ಕೋಬೇಡ."

"ಹಿಂದಿನ ಕೋಣೆ ಗಾಳಿ ವಿಷಯ ಅವರಿಗೆ ಗೊತ್ತೇ ಇಲ್ಲ. ಹೇಗೆ ಕೇಳ್ತಾರೆ?" ಎಂದೆ.

"ಇವಳನ್ನ ಅಂಗಡಿಗೆ ಕಳಿಸಪ್ಪಾ" ಎಂದ ಡೆಸ್ಮಂಡ್. ನಾನು ಹೋಗಲಿಲ್ಲ.

ಬಂದವರು ದಕ್ಷಿಣದ ತುದಿಯ ಇನ್ವರ್ಕಾರ್ಗಿಲ್‌ನವರು, ಚಳಿಯಲ್ಲೇ ಬೆಳೆದವರು. ಫಿಯೋನಾ ಎಂಬ ಹೆಂಗಸು, ಅವಳ ಗಂಡ, ಕಂಕುಳಲ್ಲಿ ಆರೇಳು ತಿಂಗಳ ಕೂಸು. ಅಪ್ಪ ಹಿತ್ತಲಿನ ಆವಿಪೆಟ್ಟಿಗೆಯಿಂದ ಜೋಳದ ತೆನೆ, ಗೆಣಸು ತೆಗೆದು ಕೊಟ್ಟರು. ಬೆಂಕಿಯಿಲ್ಲದೆ ಬೆಂದ ಗೆಣಸನ್ನು ಕೈಯಲ್ಲಿ ಹಿಡಿದು ಫಿಯೋನಾ, "ಅಯ್ಯೋ, ಇದನ್ನ ಭೂಮಿಯೇ ಬೇಯಿಸಿತಾ?" ಎಂದು ಕಣ್ಣರಳಿಸಿದಳು. ಆ ಮುಖ ನೋಡಿದಾಗ, ನಾನು ಒಬ್ಬಳೇ ಹೆದರಿ ಹೆದರಿ ಪ್ರೀತಿಸಿದ್ದನ್ನು ಇನ್ನೊಬ್ಬರೂ ಕಂಡರಲ್ಲ ಅನ್ನಿಸಿತು.

ಆಮೇಲೆ ಹಿಂದಿನ ಕೋಣೆ. ಕಿಟಕಿಗೆ ಹೊಸ ಪರದೆ ಹಾಕಿ ಬಿಗಿಯಾಗಿ ಮುಚ್ಚಿಸಿದ್ದ ಡೆಸ್ಮಂಡ್. ಅಪ್ಪ ಬಾಗಿಲು ತೆಗೆದರು. ತೆಗೆದು, ಹೊಸಿಲ ಮೇಲೆ ಸುಮ್ಮನೆ ನಿಂತುಬಿಟ್ಟರು. ನಾನೂ ಅವರ ಬೆನ್ನಿಗೆ ನಿಂತೆ. ಅಮ್ಮ ಕಲಿಸಿದ್ದಲ್ಲವೇ ಅಕ್ಕ, ಬಾಗಿಲು ತೆಗೆ, ನಿಲ್ಲು, ನೆಲ ಉಸಿರು ಬಿಡಲಿ, ಆಮೇಲೆ ಕಾಲಿಡು ಅಂತ. ಏನೆಲ್ಲ ಮುಚ್ಚಿಡಬೇಕೆಂದು ಡೆಸ್ಮಂಡ್ ಹೇಳಿಕೊಟ್ಟಿದ್ದ. ಅಪ್ಪನ ಕಾಲುಗಳಿಗೆ ಹೇಳಿಕೊಟ್ಟಿರಲಿಲ್ಲ.

"ಯಾಕೆ ನಿಂತ್ರಿ?" ಎಂದು ಫಿಯೋನಾ ನಕ್ಕಳು.

"ಏನಿಲ್ಲಮ್ಮ, ಹಳೇ ಅಭ್ಯಾಸ."

ಅವಳು ನಮ್ಮನ್ನು ದಾಟಿ ಒಳಗಿಳಿದಳು. "ಇಲ್ನೋಡ್ರೀ, ನೆಲ ಎಷ್ಟು ಬೆಚ್ಚಗಿದೆ! ಪಾಪು ಕೋಣೆ ಇದೇ ಆಗ್ಲಿ" ಎಂದು ಗಂಡನನ್ನು ಕರೆಯುತ್ತಾ ಕೂಸನ್ನು ನೆಲದ ಮೇಲೆ ಮಲಗಿಸಿದಳು. ಅದು ಕಾಲಾಡಿಸಿ ನಕ್ಕಿತು.

ನಾನು ನುಗ್ಗಿ ಕೂಸನ್ನು ಎತ್ತಿಕೊಂಡೆ. "ಇಲ್ಲಿ ಮಲಗಿಸ್ಬೇಡಿ! ಕೆಳಗಿನಿಂದ ಕೆಟ್ಟ ಗಾಳಿ ಬರುತ್ತೆ. ಅದು ಭಾರ, ನೆಲದ ಮೇಲೇ ನಿಲ್ಲುತ್ತೆ. ಸ್ವಲ್ಪ ಹೊತ್ತಿಗೆ ಮೂಗಿಗೆ ವಾಸನೆಯೂ ಗೊತ್ತಾಗಲ್ಲ. ಕಿಟಕಿ ಮುಚ್ಚಿ ಮಲಗಿದ್ರೆ ಏಳೋದಿಲ್ಲ."

"ಶಾಲೆ ಬಿಟ್ಟ ಹುಡುಗಿ ಮಾತು ಕೇಳ್ತೀರಾ?" ಎಂದ ಡೆಸ್ಮಂಡ್.

ಫಿಯೋನಾ ಅವನತ್ತ ನೋಡಲೇ ಇಲ್ಲ. "ನೀವು ಹೇಳಿ. ನಿಜವಾ?" ಎಂದು ಅಪ್ಪನನ್ನು ಕೇಳಿದಳು.

ಅಪ್ಪ ಹೋಗಿ ಕಿಟಕಿಯನ್ನು ಪೂರ್ತಿ ತೆರೆದರು. ಅವಳನ್ನು ಹಿತ್ತಲಿಗೆ ಕರೆದೊಯ್ದು, ಗೋಡೆಯ ಬುಡದ ಚಪ್ಪಡಿಯನ್ನು ಹಾರೆಯಿಂದ ಮೀಟಿದರು. ಬೆಳ್ಳಗೆ ಆವಿ ಎದ್ದಿತು. ಸೊಂಟದೆತ್ತರ, ಆಳೆತ್ತರ, ಆಮೇಲೆ ಸೂರನ್ನೂ ಮೀರಿ. ಅದರೊಳಗೆ ಅಪ್ಪ ಕಾಣಿಸಲೇ ಇಲ್ಲ, ಮಾತು ಮಾತ್ರ ಕೇಳಿಸಿತು: "ಕೋಣೆ ಕೆಳಗೂ ಇದೇ ಇದೆ ತಾಯಿ. ನಾನೇ ಹೇಳಬೇಕಾಗಿತ್ತು."

ಎಲ್ಲರೂ ತಲೆಯೆತ್ತಿ ನಿಂತೆವು. ಡೆಸ್ಮಂಡ್ ಕೂಡ ಟೋಪಿ ತೆಗೆದ. ಕೂಸು ಆವಿಯನ್ನು ಹಿಡಿಯಲು ಕೈಚಾಚಿತು. ಹುಟ್ಟಿದಾಗಿನಿಂದ ಇದರ ಪಕ್ಕದಲ್ಲಿ ಬೆಳೆದ ನನಗೂ, ಇಷ್ಟು ದೊಡ್ಡದರ ಬೆನ್ನ ಮೇಲೆ ನಾವು ನಾಲ್ಕು ಗೋಡೆ ಕಟ್ಟಿ ಅದನ್ನು 'ನಮ್ಮ ಮನೆ' ಅಂದೆವಲ್ಲ ಎಂದು ಮೈ ನವಿರೆದ್ದಿತು.

ಅವರು ಮನೆ ಕೊಳ್ಳಲಿಲ್ಲ. ಹೋಗುವಾಗ ಫಿಯೋನಾ ಅಪ್ಪನ ಎರಡೂ ಕೈ ಹಿಡಿದುಕೊಂಡಳು. ಡೆಸ್ಮಂಡ್ ಗೇಟನ್ನು ಧಡಾರನೆ ಎಳೆದುಕೊಂಡು ಹೋದ.

ನಿನ್ನ ಪುಟ್ಟಿಗೆ ಚಿಕ್ಕಮ್ಮನ ಮುತ್ತುಗಳು. ಅವಳು ನಿನ್ನ ಹಾಗೆ ಅಗಲವಾಗಿ ನಗುತ್ತಾ, ಗಟ್ಟಿಯಾಗಿ ಬೆಳೆಯಲಿ.

ನಿನ್ನ
ಪಾನಿಯಾ

ಮರೆತ ಮಾತಲ್ಲ, ಬರೆಯಲು ಕೈ ಬರದ ಮಾತು: ಅಮ್ಮ ಅಡುಗೆಮನೆಯಲ್ಲಿ ಎದೆನೋವು ಬಂದು ಹೋದಳು ಎಂದು ಅಪ್ಪ ನಮಗಿಬ್ಬರಿಗೂ ಹೇಳಿದ್ದು ಸುಳ್ಳು. ನಿನ್ನೆ ಆ ಚಪ್ಪಡಿಯ ಪಕ್ಕ ಕೂತು ಹೇಳಿದರು. ಮಂಡಿನೋವಿಗೆ ಬಿಸಿ ತಾಗಲೆಂದು ಅಮ್ಮ ಹಿಂದಿನ ಕೋಣೆಯ ನೆಲದ ಮೇಲೆ ಮಲಗಿದ್ದಳಂತೆ. "ಚಳಿ ಆಗುತ್ತೆ ಅಂತ ಕಿಟಕಿ ಮುಚ್ಚಿದ್ದು ನಾನೇ ಕಣೇ. ಆ ಕೋಣೆ ವಿಷಯ ಯಾರಿಗೆ ಹೇಳಿದ್ರೂ ಇದನ್ನೂ ಹೇಳಬೇಕಾಗ್ತಿತ್ತು" ಎಂದರು. ನಿನಗೆ ಬರೆಯಲು ಹೇಳಿದ್ದೂ ಅವರೇ. ಇನ್ನು ಮನೆ ಮಾರುವುದಿಲ್ಲವಂತೆ. ಬ್ರಿಸ್ಬೇನಿಗೆ ಬಂದು ನಿನ್ನ ಮುಖ ನೋಡುವ ಧೈರ್ಯವೂ ಇಲ್ಲವಂತೆ. ಇದು ತಲುಪಿದ ಕೂಡಲೇ ಅಪ್ಪನಿಗೆ ಫೋನ್ ಮಾಡು ಅಕ್ಕ. ಬೈದರೂ ಸರಿ, ಮಾಡು. ಅತ್ತೆ ಬಂದು ಅಪ್ಪನ ಜೊತೆ ಇರುತ್ತಾರೆ. ಈ ನೆಲದ ಮೇಲೆ ನಾನಿನ್ನು ಮಲಗಲಾರೆ. ನನಗೆ ದಕ್ಷಿಣದಲ್ಲಿ ಕುರಿಗಳ ಉಣ್ಣೆ ಕತ್ತರಿಸುವ ತಂಡದಲ್ಲಿ ಕೆಲಸ ಸಿಕ್ಕಿದೆ. ನಾಳೆ ಬೆಳಗಿನ ಬಸ್ಸಿಗೆ ಹೊರಡುತ್ತೇನೆ.