ಆರೂಕಾಲರ ಮುಳ್ಳು

12 ನವೆಂಬರ್ 1958, ಬುಧವಾರ. ಶಿಕಾರಿಪುರ.

ಈ ಲೋಡ್ ಫ್ಯಾಕ್ಟರ್ ನನ್ನ ಜೀವ ತಿನ್ನುತ್ತಿದೆ. ದಿನದ ಸರಾಸರಿ ಲೋಡನ್ನು, ಅಂದರೆ ಊರು ಎಳೆಯುವ ಕರೆಂಟನ್ನು, ಅತಿ ಹೆಚ್ಚಿನ ಲೋಡಿನಿಂದ ಭಾಗಿಸಿದರೆ ಇವತ್ತೂ ನೂರಕ್ಕೆ ಹದಿನೆಂಟು. ಶಾಲೆಯಲ್ಲಾದರೆ ಫೇಲು. ಇದು ಏರದಿದ್ದರೆ ನನಗೆ ಸೊರಬಕ್ಕೆ ವರ್ಗ ಎಂದು ಎಂಜಿನಿಯರ್ ಸಾಹೇಬರು ಹೇಳಿಯೇ ಹೋಗಿದ್ದಾರೆ.

ಹಗಲೆಲ್ಲ ನಮ್ಮ ಪವರ್ ಹೌಸಿಗೆ ವಲೀಸಾಬರ ಹಿಟ್ಟಿನ ಗಿರಣಿ ಒಂದೇ ಗಿರಾಕಿ. ಸಂಜೆ ಆರೂಕಾಲಕ್ಕೆ ಮಾತ್ರ ಇಡೀ ಊರು ಒಟ್ಟಿಗೆ ದೀಪ ಹಾಕುತ್ತದೆ. ಮೀಟರಿನ ಮುಳ್ಳು ಬೆಚ್ಚಿಬಿದ್ದು ತುದಿಗೆ ಓಡುತ್ತದೆ, ಎಂಜಿನ್ನು ಉಬ್ಬಸದ ಮುದುಕನ ಹಾಗೆ ಏದುಸಿರು ಬಿಡುತ್ತದೆ. ಎಲ್ಲರೂ ಅದೇ ನಿಮಿಷಕ್ಕೇ ಯಾಕೆ? ಬೆಳಿಗ್ಗೆ ಎದುರುಮನೆಯ ವರದಮ್ಮನವರನ್ನು ಕೇಳಿಯೇಬಿಟ್ಟೆ.

"ಸ್ವಲ್ಪ ಹಿಂದೆಮುಂದೆ ಹಾಕ್ಬಾರದಾ ವರದಮ್ನೋರೆ?"

"ಅದೆಂಗಾಗುತ್ರೀ? ಕರೆಂಟಿನೋರ ಮನೇಲೇ ದೀಪ ಬರದೆ ನಾವ್ ಸ್ವಿಚ್ ಮುಟ್ಟಿ, ಶಾಕ್ ಹೊಡೆದ್ರೆ? ನಿಮ್ಮನೆ ನೋಡಿ ನಾವು, ನಮ್ಮನೆ ನೋಡಿ ಹಿಂದಿನ ಬೀದಿಯೋರು."

ಅಂದರೆ ಕಳ್ಳ ನನ್ನ ಮನೆಯಲ್ಲೇ ಇದ್ದಾನೆ! ಕಾದು ಬೇಸತ್ತವರು ತಮತಮಗೆ ತೋಚಿದಾಗ ಹಾಕಿಕೊಳ್ಳಲಿ, ಇವತ್ತಿನಿಂದ ನೀನು ಏಳು ಗಂಟೆಗೆ ದೀಪ ಹಾಕು ಎಂದು ಮಧ್ಯಾಹ್ನ ಊಟಕ್ಕೆ ಕೂತಾಗ ಹೆಂಡತಿ ತುಂಗಮ್ಮನಿಗೆ ಹೇಳಿದೆ.

"ಮುಸ್ಸಂಜೇಲಿ ಮನೆ ಕತ್ಲೆ ಇಟ್ರೆ ಲಕ್ಷ್ಮಿ ಒಳಗೆ ಬರ್ತಾಳೇನ್ರೀ? ಬೇಕಾದ್ರೆ ನಿಮ್ಮ ಮುಳ್ಳಿಗೇ ಬುದ್ಧಿ ಹೇಳಿ" ಎಂದು ಸಾರು ಬಡಿಸಿದಳು. ಸಂಜೆ ಆರೂಕಾಲಕ್ಕೆ ಮುಳ್ಳು ಮತ್ತೆ ಓಡಿತು.

ಈಗ ಸಾಹೇಬರಿಗೆ ಕಳಿಸುವ ವರದಿಯಲ್ಲಿ 'ಸಂಜೆಯ ಲೋಡ್ ಏರಿಕೆಗೆ ಕಾರಣ' ಎಂಬ ಕಾಲಂ ಖಾಲಿ ಇದೆ. 'ನನ್ನ ಹೆಂಡತಿ' ಎಂದು ಬರೆದು ಹೊಡೆದುಹಾಕಿದೆ. ಹಾಳಾಗಲಿ, ವರ್ಗವೇ ಆಗಲಿ ಅನ್ನಿಸುತ್ತದೆ. ಆದರೆ ಸೊರಬದಲ್ಲೂ ಮುಸ್ಸಂಜೆ ಆಗುತ್ತದೆ, ಇವಳೂ ಜೊತೆಗೇ ಬರುತ್ತಾಳೆ...