ಮಲಗಿಸಿದ ಹಾಯಿಕಂಬ

೯ ಅಕ್ಟೋಬರ್, ಶನಿವಾರ

ನನ್ನ ಬುಡ್ಡಿ,

ನಿನ್ನ ಹಡಗು ಎಲ್ಲೇ ಇರಲಿ, ನೀನು ಹೊಟ್ಟೆ ತುಂಬ ಉಂಡು ಕಣ್ಣು ತುಂಬ ನಿದ್ದೆ ಮಾಡುತ್ತಿದ್ದೀಯ ಅಂತ ನಂಬಿಕೊಂಡು ಬರೆಯುತ್ತಿದ್ದೇನೆ. ನಿನ್ನ ಪತ್ರ ಬಂದು ಒಂದು ತಿಂಗಳಾಯಿತು. ಅಮ್ಮನಿಗೆ ಅಂಥದ್ದೇನು ಕೆಲಸ ಅಂತ ಬೈದುಕೊಂಡಿರುತ್ತೀಯ. ಕೆಲಸ ಏನೂ ಇಲ್ಲ, ಅದೇ ನನ್ನ ತೊಂದರೆ. ಆರು ಸಲ ಕಾಗದ ತೆಗೆದು 'ನನ್ನ ಬುಡ್ಡಿ' ಅಂತ ಬರೆದೆ. ಮುಂದೆ ಕೈ ಓಡದೆ ಆರು ಸಲವೂ ಎದ್ದು ಹೋಗಿ ಪಾತ್ರೆ ತೊಳೆದೆ. ಒಬ್ಬಳು ಉಂಡ ಪಾತ್ರೆ ಎಷ್ಟಿರುತ್ತೆ ಹೇಳು. ತೊಳೆದದ್ದನ್ನೇ ತೊಳೆದೆ.

ಮನೆ ಚೆನ್ನಾಗಿದೆ. ಹಗ್ಗದ ಅಂಗಡಿಯ ಮೇಲೆ ಎರಡು ಕೋಣೆ, ಮೆಟ್ಟಿಲು ಸ್ವಲ್ಪ ಕಡಿದು. ಹೊಸ ಹಗ್ಗದ ವಾಸನೆ ಹಾಸಿಗೆಗೂ ಹತ್ತಿದೆ. ಜೂನ್ ಕೊನೆಯಲ್ಲಿ ಈ ಮನೆ ನೋಡೋಕೆ ಬಂದಾಗ ನಿನ್ನಪ್ಪ ಅಡುಗೆಮನೆ ನೋಡಲಿಲ್ಲ, ನೀರು ಬರುತ್ತಾ ಅಂತ ಕೇಳಲಿಲ್ಲ. ಸೀದಾ ಹೋಗಿ ಮುಂದಿನ ಕೋಣೆಯ ಕಿಟಕಿ ತೆಗೆದು, "ಕುರ್ಚಿ ಇಲ್ಲಿ" ಅಂದರು. ಕಿಟಕಿಯಲ್ಲಿ ಕಡಲು ಬಿಟ್ಟರೆ ಬೇರೇನೂ ಕಾಣದು. ಕುರ್ಚಿ ಅವರು ಹೇಳಿದ ಜಾಗದಲ್ಲೇ ಇದೆ. ಕಿಟಕಿ ಮಾತ್ರ ನಾನು ತೆಗೆಯುವುದಿಲ್ಲ.

ನೀನು ಕೇಳಿದ್ದು ಒಂದೇ ಪ್ರಶ್ನೆ. "ಅಪ್ಪ ಕಡಲು ಬಿಟ್ಟು ಕಾಲುವೆ ಹಿಡಿದದ್ದು ಯಾಕಮ್ಮ? ನನ್ನ ಹಡಗು ಒಂದು ತಿಂಗಳು ಹೊರಗಡೆ ಲಂಗರು ಹಾಕಿರುವಾಗ ಹಾಯಿ ಏರಿಸಿಕೊಂಡು ಬಂದು ಒಂದು ಸುತ್ತು ಹಾಕ್ತೀನಿ ಅಂದಿದ್ರು. ಹಡಗು ಹೊರಡೋ ಮೊದಲಿನ ಎರಡು ದಿನ ನಾನು ರೇಲಿಂಗ್ ಬಿಟ್ಟು ಕದಲಲಿಲ್ಲ." ಹೇಳುತ್ತೇನೆ, ಮೊದಲಿಂದ ಹೇಳುತ್ತೇನೆ.

ಜೂನ್‌ನಲ್ಲಿ ಡಾಕ್ಟರು ಅಪ್ಪನ ಎದೆ ಪರೀಕ್ಷೆ ಮಾಡಿ, "ಯಜಮಾನರೇ, ಹೃದಯ ಸೋತಿದೆ. ಭಾರ ಎತ್ತಬೇಡಿ, ಹಗ್ಗ ಎಳೀಬೇಡಿ, ಆಸ್ಪತ್ರೆಯಿಂದ ದೂರ ಹೋಗಬೇಡಿ" ಅಂದರು. ನಲವತ್ತು ವರ್ಷ ಹಾಯಿ ಹೊಲಿದು, ತಾನು ಹೊಲಿದ ಹಾಯಿಯನ್ನೇ ಕಟ್ಟಿಕೊಂಡು ಕಡಲು ಸುತ್ತಿದ ಮನುಷ್ಯನಿಗೆ! "ಉಸಿರಾಡಬಹುದಾ ಡಾಕ್ಟ್ರೇ?" ಅಂತ ಕೇಳಿ ಎದ್ದು ಬಂದರು. ದೋಣಿಯ ಮೇಲಿನ ಸಂಸಾರ ಸಾಕು, ದಡ ಹತ್ತೋಣ ಅಂತ ಇಬ್ಬರೂ ಒಪ್ಪಿದೆವು. ಉಳಿದದ್ದು ಒಂದೇ ಕೆಲಸ. ನಮ್ಮ ಮುದುಕಿಯನ್ನು ಆ ಉತ್ತರದ ದೋಣಿಕಟ್ಟೆಯಿಂದ ಈ ಬಂದರಿಗೆ ತರಬೇಕಿತ್ತು. ದೋಣಿಯನ್ನು ಮುದುಕಿ ಅಂತ ಕರೆದು, "ಮನೇಲಿ ಇಬ್ಬರು ಮುದುಕಿಯರು, ಅವಳೊಬ್ಬಳಾದ್ರೂ ಹೇಳಿದ ಮಾತು ಕೇಳ್ತಾಳೆ" ಅಂತ ನನ್ನನ್ನು ರೇಗಿಸುತ್ತಿದ್ದರಲ್ಲ, ನೆನಪಿದೆಯಾ?

ದಾರಿ ಎರಡು. ಹೊರಗೆ ಕಡಲು, ಗಾಳಿ ಕೂಡಿಬಂದರೆ ಐದು ದಿನ. ಒಳಗೆ ನದಿ, ಕಾಲುವೆ, ಕೆರೆ, ಮತ್ತೆ ಕಾಲುವೆ. ಐವತ್ನಾಲ್ಕು ಗೇಟು, ಒಂದು ತಿಂಗಳ ಮೇಲೆ. ಸೇತುವೆಗಳ ಕೆಳಗೆ ನುಗ್ಗಬೇಕಾದ್ದರಿಂದ ಹಾಯಿಕಂಬ ಕಿತ್ತು ದೋಣಿಯ ಮೇಲೆ ಉದ್ದಕ್ಕೆ ಮಲಗಿಸಿಕೊಂಡು, ಎಂಜಿನ್ ಹಾಕಿಕೊಂಡು ಹೋಗಬೇಕು. ಎರಡು ನಕ್ಷೆಗಳನ್ನೂ ಊಟದ ಮೇಜಿನ ಮೇಲೆ ಹರಡಿ ಒಂದು ವಾರ ಜಗಳವಾಡಿದೆವು. ತಟ್ಟೆ ಇಡೋಕೂ ಜಾಗ ಇರಲಿಲ್ಲ, ತೊಡೆಯ ಮೇಲಿಟ್ಟುಕೊಂಡು ಉಂಡೆವು.

"ಕಾಲುವೆ ಪಕ್ಕ ಊರಿದೆ, ರಸ್ತೆ ಇದೆ, ಆಸ್ಪತ್ರೆ ಇದೆ. ಕಡಲಲ್ಲಿ ನಿಮಗೇನಾದ್ರೂ ಆದ್ರೆ ನಾನು ಮೀನಿನ ಹತ್ರ ಔಷಧಿ ಕೇಳಲಾ?" ಅಂದೆ.

"ಕಡಲಲ್ಲಿ ಒಂದ್ಸಲ ಹಾಯಿ ಹೊಂದಿಸಿದ್ರೆ ಇಡೀ ದಿನ ಕೈ ಕಟ್ಟಿ ಕೂರಬಹುದು ಕಣೇ. ಅಲ್ಲಿ ಒಂದೊಂದು ದಿನ ಆರು ಗೇಟು, ಆರು ಸಲ ಹಗ್ಗ. ಎದೆಗೆ ಯಾವುದು ಕಷ್ಟ ನೀನೇ ಹೇಳು" ಅಂದರು. ಆಮೇಲೆ ದನಿ ತಗ್ಗಿಸಿ, "ಇದೇ ಕೊನೇದು. ಬುಡ್ಡಿ ಹಡಗಿಗೆ ಒಂದು ಸುತ್ತು ಹಾಕ್ಬಿಡ್ತೀನಿ, ಆಮೇಲೆ ಆ ಕಿಟಕಿ ಹತ್ರದ ಕುರ್ಚೀಲಿ ಕೂತ್ಕೋತೀನಿ" ಅಂದರು.

ನಾನು ಮಣಿಯಲಿಲ್ಲ, ಅವರೂ ಮಣಿಯಲಿಲ್ಲ. ಕಡಲಿಗೇ ಹೊರಡುವುದು ಅಂತ ಗಾಳಿಯ ವರದಿ ಕೇಳತೊಡಗಿದರು. ಹೊರಡುವ ಎರಡು ದಿನ ಮೊದಲು ದೋಣಿಕಟ್ಟೆಯ ಕಂಬದ ಮೇಸ್ತ್ರಿ ಬಂದ, ಏಣಿ ಹತ್ತಿ ನೋಡಿದ, ಮೇಲೆ ಹಗ್ಗ ಕಟ್ಟುವ ಜಾಗದಲ್ಲಿ ಬಿರುಕಿದೆ, ಈ ಕಂಬದ ಮೇಲೆ ಹಾಯಿ ಏರಿಸಿದರೆ ಕಡಲಲ್ಲಿ ಮುರಿಯುತ್ತೆ ಅಂದ. ಹೊಸ ಮರ ಬರೋಕೆ ಚಳಿಗಾಲ ಕಳೀಬೇಕು ಅಂದ. ಅಪ್ಪ "ಇಳಿಸಿ" ಅಂದರು. ಕ್ರೇನ್ ಕಂಬವನ್ನು ಎತ್ತಿ ಮಲಗಿಸುವಾಗ ಟೋಪಿ ತೆಗೆದು ನಿಂತಿದ್ದರು. ಇದೇ ಬುಡ್ಡಿ, ನೀನು ಕೇಳಿದ ಯಾಕೆ. ನಿನಗೆ ಸುದ್ದಿ ಕಳಿಸುತ್ತೇನೆ ಅಂತ ಅವರಿಗೆ ಹೇಳಿದವಳು ನಾನು, ಕಳಿಸದೆ ಉಳಿದವಳೂ ನಾನೇ. ಅದಕ್ಕೆ ಕ್ಷಮೆ ಕೇಳೋಕೂ ಬಾಯಿಲ್ಲ.

ನೀನು ದೊಡ್ಡ ಹಡಗಿನ ಎಂಜಿನ್ ನೋಡಿಕೊಳ್ಳುವವಳು, ಈ ಕಾಲುವೆಯ ಗೇಟುಗಳ ಗೋಳು ನಿನಗೆ ಗೊತ್ತಿಲ್ಲ. ಕಲ್ಲಿನ ತೊಟ್ಟಿಯೊಳಗೆ ದೋಣಿ ನಿಲ್ಲಿಸಬೇಕು, ಹಿಂದೆ ಒಂದು ಗೇಟು, ಮುಂದೆ ಒಂದು. ಹಿಂದಿನದನ್ನು ಮುಚ್ಚಿ ನೀರು ತುಂಬುತ್ತಾರೆ, ಇಲ್ಲವೇ ಖಾಲಿ ಮಾಡುತ್ತಾರೆ. ನೀರಿನ ಜೊತೆ ದೋಣಿ ಏರುತ್ತೆ, ಇಳಿಯುತ್ತೆ. ದಡದ ಗೂಟಕ್ಕೆ ಸುತ್ತಿದ ಹಗ್ಗವನ್ನು ಏರುವಾಗ ಎಳೆಯುತ್ತಿರಬೇಕು, ಇಳಿಯುವಾಗ ಬಿಡುತ್ತಿರಬೇಕು. ನಾನು ಚುಕ್ಕಾಣಿಯಲ್ಲಿ, ಅವರು ಹಗ್ಗದಲ್ಲಿ. "ನಾನು ಎಳೀತೀನಿ ಬಿಡಿ" ಅಂದರೆ, "ನಿನ್ನ ಕೈಗೆ ಚುಕ್ಕಾಣಿ ಕೊಟ್ಟಾಗಿದೆ, ಹಗ್ಗವಾದ್ರೂ ನನಗಿರಲಿ" ಅಂದರು. ಮೂರನೆಯ ದಿನಕ್ಕೇ ತುಟಿ ಬೂದಿ ಬಣ್ಣ ಆಗಿತ್ತು. ಅವರು ಹೇಳಿದ ಹಾಗೇ ಆಯಿತು, ಒಂದೇ ಒಂದು ಸಲವೂ 'ನಾನು ಹೇಳಲಿಲ್ವಾ' ಅನ್ನಲಿಲ್ಲ.

ಅವರ ಮಾತೇ ಕಡಿಮೆಯಾಗಿಬಿಟ್ಟಿತು. ಎರಡೂ ಕಡೆ ಜೊಂಡು, ಹಸಿರು ಪಾಚಿಯ ನೀರು, ಎಂಜಿನ್ನಿನ ಹಾಳು ಗಡಗಡ. ನೋಡೋಕೆ ದೂರ ಅನ್ನೋದೇ ಇಲ್ಲ. ಸಂಜೆ ದೋಣಿ ಕಟ್ಟಿದ ಮೇಲೆ ಮಾತ್ರ ಒಂದು ಕೆಲಸ ತಪ್ಪದೆ ಮಾಡುತ್ತಿದ್ದರು. ಮಲಗಿಸಿದ ಕಂಬದ ಬುಡದಿಂದ ತುದಿಯವರೆಗೆ ಬೆರಳಿನ ಗೆಣ್ಣಿನಿಂದ ತಟ್ಟುತ್ತ ಹೋಗುತ್ತಿದ್ದರು. ಟಣ್, ಟಣ್, ಟಣ್. ತುದಿ ಮುಟ್ಟಿದ ಮೇಲೆ ತಿರುಗಿ, "ಕೇಳಿಸ್ತಾ?" ಅನ್ನುತ್ತಿದ್ದರು. "ಕೇಳಿಸ್ತು, ಊಟಕ್ಕೆ ಬನ್ನಿ" ಅನ್ನುತ್ತಿದ್ದೆ. ಪಾಪ, ಮುರಿದ ಕಂಬದ ಮೇಲೆ ಎಷ್ಟು ಮೋಹ ಅಂದುಕೊಂಡು ಸೌಟು ಆಡಿಸುತ್ತಿದ್ದೆ.

ಹತ್ತೊಂಬತ್ತನೆಯ ದಿನ ಒಂದು ಕವಲು ಸಿಕ್ಕಿತು. ಎಡಕ್ಕೆ ಕಾಲುವೆ, ಬಲಕ್ಕೆ ನದಿ. ಅಪ್ಪ ಬಂದು ಎಂಜಿನ್ ನಿಲ್ಲಿಸಿದರು. ಅಷ್ಟು ದಿನಗಳ ಮೇಲೆ ಮೊದಲ ಸಲ ಕಿವಿಗೆ ಸುಖ ಅನ್ನಿಸಿತು. "ಬಲಕ್ಕೆ ಹೋದ್ರೆ ಎರಡು ದಿನಕ್ಕೆ ಕಡಲು. ನದಿ ಬಾಯಲ್ಲಿ ಕಂಬ ನಿಲ್ಲಿಸೋ ಕ್ರೇನ್ ಇದೆ. ಬುಡ್ಡಿ ಹಡಗು ಇನ್ನೂ ನಾಲ್ಕು ದಿನ ಅಲ್ಲೇ ಇರುತ್ತೆ. ಏನಂತೀಯ?" ಅಂದರು.

"ಬಿರುಕು ಬಿಟ್ಟ ಕಂಬದಲ್ಲಾ? ನಿಮಗೇನು ತಲೆ ಕೆಟ್ಟಿದೆಯಾ?" ಅಂದೆ.

ನನ್ನ ಮುಖ ನೋಡುತ್ತ ನಿಂತರು, ತುಂಬ ಹೊತ್ತು. ಕೋಪ ಇರಲಿಲ್ಲ. ಕೋಪ ಇದ್ದಿದ್ದರೆ ನನಗೆ ಬೈಯೋಕಾದರೂ ಅನುಕೂಲವಾಗುತ್ತಿತ್ತು. "ಹಾಗಾದ್ರೆ ಸರಿ" ಅಂದು ಎಂಜಿನ್ ಹಾಕಿ, ತಾವೇ ಚುಕ್ಕಾಣಿಯನ್ನು ಎಡಕ್ಕೆ ತಿರುಗಿಸಿಕೊಟ್ಟು ಹೋದರು.

ಐವತ್ತೊಂದನೆಯ ಗೇಟು ಕೆಟ್ಟು ನಿಂತಿತ್ತು. ರಿಪೇರಿಗೆ ಒಂಬತ್ತು ದಿನ. ಅಲ್ಲಿ ಊರೂ ಇಲ್ಲ, ರಸ್ತೆಯೂ ಇಲ್ಲ, ಗೇಟಿನವನ ಒಂದು ಮನೆ ಮಾತ್ರ. ಅವನು ಒಳ್ಳೆಯವನು, ದಿನಾ ಬಂದು ಅಪ್ಪನ ಜೊತೆ ಚದುರಂಗ ಆಡಿ ಬೇಕಂತಲೇ ಸೋಲುತ್ತಿದ್ದ. ಒಂಬತ್ತು ದಿನ ಅಪ್ಪ ಸೊಳ್ಳೆ ಹೊಡೆದರು, ಚದುರಂಗ ಆಡಿದರು, ಸಂಜೆ ಕಂಬ ತಟ್ಟಿದರು. ಹತ್ತನೆಯ ಬೆಳಿಗ್ಗೆ ಗೇಟು ತೆರೆಯಿತು. ನಾವು ಹೊರಟು ನಲವತ್ಮೂರನೆಯ ದಿನ. ದೋಣಿ ತೊಟ್ಟಿಯೊಳಗೆ ನಿಂತಿತು, ನೀರು ಇಳಿಯತೊಡಗಿತು. ಅಪ್ಪ ಮುಂದೆ ಕೂತು ಹಗ್ಗ ಬಿಡುತ್ತಿದ್ದರು. ಇದ್ದಕ್ಕಿದ್ದ ಹಾಗೆ ದೋಣಿ ಒಂದು ಕಡೆಗೆ ವಾಲಿತು. ಒಳಗಡೆ ಪಾತ್ರೆಗಳೆಲ್ಲ ಉರುಳಿದವು. ನನಗೆ ಎಲ್ಲಿಲ್ಲದ ಸಿಟ್ಟು ಬಂತು.

"ರೀ, ಹಗ್ಗ ಬಿಡ್ರೀ! ನಿದ್ದೆ ಮಾಡ್ತಿದ್ದೀರಾ ಅಲ್ಲಿ?" ಅಂತ ಕಿರುಚಿದೆ.

ಮೂವತ್ತಾರು ವರ್ಷದ ಸಂಸಾರದಲ್ಲಿ ಅವರಿಗೆ ನಾನು ಆಡಿದ ಕೊನೆಯ ಮಾತು ಅದು. ಹಗ್ಗ ಗೂಟಕ್ಕೆ ಬಿಗಿದುಕೊಂಡಿತ್ತು, ಅವರು ಅದರ ಮೇಲೆ ಬಾಗಿ ಕೂತಿದ್ದರು. ಗೇಟಿನವನು ನೀರು ನಿಲ್ಲಿಸಿ, ಹಾರಿ ಬಂದು, ಅವರ ಕೈ ಮುಟ್ಟಿ ನೋಡಿ, "ಅಮ್ಮಾ..." ಅಂದ. ಅಷ್ಟೇ ಅಂದ. ಡಾಕ್ಟರು ಕಾಲುವೆಯ ದಂಡೆಯ ಮೇಲೆ ಸೈಕಲ್ ತುಳಿದುಕೊಂಡು ಬರೋಕೆ ಮೂರು ಗಂಟೆ ಹಿಡಿಯಿತು. ಆಸ್ಪತ್ರೆ ಹತ್ತಿರ ಇರಲಿ ಅಂತ ಈ ದಾರಿ ಬೇಕು ಅಂದವಳು ನಾನು. ಇನ್ನು ಮೂರು ಗೇಟು ದಾಟಿದ್ದರೆ ಕಡಲು ಕಾಣುತ್ತಿತ್ತು, ಬುಡ್ಡಿ. ಅದೂ ಆಗಲಿಲ್ಲ.

ಮುದುಕಿಯನ್ನು ಗೇಟಿನವನೇ ಇಲ್ಲಿಗೆ ತಂದು ಕಟ್ಟಿಕೊಟ್ಟ. ಕಂಬ ಇನ್ನೂ ಹಾಗೇ ಮಲಗಿದೆ. 'ಬಿರುಕು ಸರಿ ಮಾಡಿಸಿ ನಿಲ್ಲಿಸು, ಅಪ್ಪನ ಕಂಬ ಹಾಗೆ ಬಿದ್ದಿರಬಾರದು' ಅಂತ ನೀನು ಬರೆದದ್ದಕ್ಕೆ ಇಲ್ಲಿನ ಮೇಸ್ತ್ರಿಗೆ ಹೇಳಿದ್ದೇನೆ, ಸೋಮವಾರ ಬರುತ್ತಾನಂತೆ. ನನಗೆ ಯಾವುದರ ಮೇಲೂ ಆಸೆ ಉಳಿದಿಲ್ಲ. ಬೆಳಿಗ್ಗೆ ಏಳುತ್ತೇನೆ, ಎರಡು ಲೋಟ ಚಹಾ ಮಾಡುತ್ತೇನೆ, ಒಂದು ಚೆಲ್ಲುತ್ತೇನೆ. ಸಮಾಧಾನ ಮಾಡುವವರು "ಕಾಲ ಎಲ್ಲಾ ಮರೆಸುತ್ತೆ" ಅನ್ನುತ್ತಾರೆ. ಮರೆಯುವಷ್ಟು ಕಾಲ ನನಗೆ ಬೇಡ ಅಂತ ಹೇಳಬೇಕು ಅನ್ನಿಸುತ್ತೆ, ಹೇಳುವುದಿಲ್ಲ.

ನೀನು ಮಾತ್ರ ಚೆನ್ನಾಗಿರು, ತಾಯಿ. ಮೈಮೇಲೆ ಎಣ್ಣೆ ಮಸಿ ಮೆತ್ತಿಕೊಂಡು ಹಾಗೇ ಮಲಗಬೇಡ. ನಿನ್ನ ಎಂಜಿನ್ ನಿಲ್ಲದಿರಲಿ, ನಿನ್ನ ನೀರು ಯಾವಾಗಲೂ ಆಳವಾಗಿರಲಿ, ನಿನಗೆ ಬೇಕಾದ ದಾರಿ ನಿನ್ನ ಕೈಯಲ್ಲೇ ಇರಲಿ. ನನ್ನ ಆಯಸ್ಸಿನಲ್ಲಿ ಉಳಿದದ್ದೆಲ್ಲ ನಿನಗೇ ಸೇರಲಿ.

ನಿನ್ನ,
ಅಮ್ಮ

ಮರೆತದ್ದು. ೧೧ ಅಕ್ಟೋಬರ್, ಸೋಮವಾರ.

ಮರೆತದ್ದು ಅಂತ ಬರೆದೆ, ಸುಳ್ಳು. ಮುಚ್ಚಿಟ್ಟದ್ದು. ಲಕೋಟೆ ಅಂಟಿಸಿ ಆಗಿತ್ತು, ಈಗ ಹರಿದು ಬರೆಯುತ್ತಿದ್ದೇನೆ.

ಕಂಬದಲ್ಲಿ ಬಿರುಕು ಇರಲಿಲ್ಲ. ಆ ಉತ್ತರದ ಮೇಸ್ತ್ರಿಯ ಷೆಡ್ಡಿಗೆ ನಾನೇ ಹೋಗಿದ್ದೆ, ಅಪ್ಪ ಸಾಮಾನು ತರೋಕೆ ಹೋದಾಗ. ಕೈ ಮುಗಿದು ಅತ್ತೆ. "ಮರದ ವಿಷಯದಲ್ಲಿ ಇವತ್ತಿನವರೆಗೆ ಸುಳ್ಳು ಹೇಳಿಲ್ಲಮ್ಮ" ಅಂದ. "ಅವರ ಜೀವ ಉಳಿಸೋಕೆ ಒಂದೇ ಒಂದು ಸಲ ಹೇಳಿ" ಅಂದೆ. ಹೇಳಿದ. ಇದನ್ನು ನನ್ನ ಜೊತೆಗೇ ಮಣ್ಣಿಗೆ ತೆಗೆದುಕೊಂಡು ಹೋಗುತ್ತಿದ್ದೆ. ಇವತ್ತು ಬಂದ ಮೇಸ್ತ್ರಿ ಬಿರುಕು ಕಾಣಲಿಲ್ಲ ಅಂದರೆ ಏನೋ ಒಂದು ಹೇಳಿ ಸಾಗಹಾಕೋಣ ಅಂದುಕೊಂಡಿದ್ದೆ.

ಅವನು ಬಂದವನು ಬಿರುಕು ಹುಡುಕಲೇ ಇಲ್ಲ. ಬುಡದ ಹತ್ತಿರ ಕೂತು ಬೆರಳಿನ ಗೆಣ್ಣಿನಿಂದ ತಟ್ಟಿದ. ಟಣ್. ಇನ್ನೊಂದು ಮಾರು ಮುಂದೆ ಹೋಗಿ ತಟ್ಟಿದ. ಟಣ್. ತುದಿಯವರೆಗೆ ಹೋಗಿ, ನನ್ನ ಕಡೆ ತಿರುಗಿ ನಕ್ಕ. "ಯಾರಮ್ಮ ಹೇಳಿದ್ದು ಬಿರುಕು ಅಂತ? ಒಡಕು ಮರ ದಬ್ ಅನ್ನುತ್ತೆ, ಇದು ಗಂಟೆ ಥರ ನುಡೀತಿದೆ. ಯಜಮಾನರು ಯಾವ ಕೆಲಸದಲ್ಲಿದ್ರು?" ಅಂದ.

"ಹಾಯಿ ಹೊಲೀತಿದ್ರು. ನಲವತ್ತು ವರ್ಷ" ಅಂದೆ.

"ಹಾಗಾದ್ರೆ ಅವರಿಗೆ ಗೊತ್ತಿರಲೇಬೇಕಲ್ಲಮ್ಮ. ಒಂದು ಸಲ ತಟ್ಟಿದ್ರೆ ಸಾಕು" ಅಂದ.

ಒಂದು ಸಲ ಅಲ್ಲ, ಬುಡ್ಡಿ. ನಲವತ್ತೆರಡು ಸಂಜೆ ತಟ್ಟಿದರು. ಬುಡದಿಂದ ತುದಿಯವರೆಗೆ, ನನಗೆ ಕೇಳಿಸುವ ಹಾಗೆ. ಆ ಕವಲಿನಲ್ಲಿ ಎಂಜಿನ್ ನಿಲ್ಲಿಸಿ ನನ್ನ ಮುಖ ನೋಡುತ್ತ ನಿಂತಾಗಲೂ ಅವರಿಗೆ ಗೊತ್ತಿತ್ತು. ನನ್ನ ಬಾಯಿಂದ ಬರಲಿ ಅಂತ ಕಾದರು, ಬರದಿದ್ದಾಗ ತಾವೇ ಎಡಕ್ಕೆ ತಿರುಗಿಸಿಕೊಟ್ಟರು. ದಿನಾ ಸಂಜೆ "ಕೇಳಿಸ್ತಾ?" ಅಂತ ಕೇಳಿದರು. ನಾನು ದಿನಾ "ಕೇಳಿಸ್ತು, ಊಟಕ್ಕೆ ಬನ್ನಿ" ಅಂದೆ.