ಘಾಟ್‌ನಲ್ಲಿ ನಿಲ್ಲದ ಫಿಯೆಟ್

ಗ್ಯಾರೇಜಿನ ಜಂಬುನಾಥ್ ಅವರಿಗೆ,

ಕಳೆದ ಯುಗಾದಿಗೆ ಕಾರ್ಬೊರೇಟರ್ ಸ್ವಚ್ಛಗೊಳಿಸಲು ಬಿಟ್ಟಿದ್ದ ನನ್ನ ಹಳೆಯ ಫಿಯೆಟ್‌ಗೆ, ನನ್ನನ್ನು ಕೇಳದೆ, ಹೊಸ ಕಾರಿನ ದೊಡ್ಡ ಎಂಜಿನ್ ಕೂರಿಸಿದಿರಿ. "ಇನ್ನ ಸಂಡೂರು ಘಾಟ್‌ನ್ಯಾಗ ಎಲ್ಲೂ ನಿಲ್ಲಂಗಿಲ್ಲ ಬಿಡ್ರಿ ಮೇಷ್ಟ್ರ, ಮಸ್ತ್ ಓಡ್ತದ!" ಎಂದು ನಕ್ಕಿರಿ.

ನಿಜ, ನಿಲ್ಲುವುದಿಲ್ಲ. ಆ ಏರಿನಲ್ಲಿ ಹಳೆಯ ಎಂಜಿನ್ ಬಿಸಿಯೇರಿದಾಗಲೆಲ್ಲ ನಾನೂ ನನ್ನ ಹೆಂಡತಿ ಪಂಪಾವತಿಯೂ ಬೇವಿನ ನೆರಳಿನಲ್ಲಿ ಕೂರುತ್ತಿದ್ದೆವು. ಅವಳು ತೀರಿಕೊಂಡ ಮೇಲೂ ವಾರವಾರ ಹೋಗುತ್ತಿದ್ದೆ. ಅಲ್ಲಿ ಚಹಾ ಮಾರುವ ಹೊನ್ನೂರಮ್ಮ ಕೊಡದಲ್ಲಿ ನೀರು ತಂದು, "ಕುಂದ್ರಿ ಮೇಷ್ಟ್ರ, ಮೊದ್ಲು ಗಾಡಿ ಕುಡಿಲಿ, ಆಮ್ಯಾಲ ನೀವು" ಎನ್ನುತ್ತಿದ್ದಳು. ಸಂಡೂರಿನಲ್ಲಿ ನನಗೆ ಬೇರೆ ಕೆಲಸವೇನೂ ಇರಲಿಲ್ಲ. ನೀರು ಕೇಳದ ಗಾಡಿಯನ್ನು ಈಗ ಯಾವ ನೆಪದಲ್ಲಿ ನಿಲ್ಲಿಸಲಿ?

ಹಳೆಯ ಎಂಜಿನ್ ಮರಳಿ ಕೂರಿಸಿ. ಭಾನುವಾರ ನಿಮ್ಮ ಗ್ಯಾರೇಜಿನ ಮುಂದೆ ಹಳೆ ಕಾರಿನವರೆಲ್ಲ ಸೇರುತ್ತಾರೆ. ಆ ಎಂಜಿನ್ ಯಾರನ್ನು ಕೇಳಿ ಬಿಚ್ಚಿದಿರಿ ಎಂದು ಅವರೆಲ್ಲರ ಎದುರು ಹೇಳಿ.

ನಿಮ್ಮ ಹಳೆಯ ಗಿರಾಕಿ,
ಗಾಳೆಪ್ಪ, ಹೊಸಪೇಟೆ